ಕುದುರೆಮುಖ ಚಾರಣಕ್ಕೆ ಸಿದ್ಧತೆ: ಅನುಮತಿಯಿಂದ ಮರಳಿ ಬರುವವರೆಗೆ

ಮಳೆಗಾಲ ಸಮೀಪಿಸಿದಂತೆ ಓದುಗರಿಂದ ಬರುವ ಪ್ರಶ್ನೆಗಳಲ್ಲಿ ಕುದುರೆಮುಖದ್ದೇ ದೊಡ್ಡ ಪಾಲು. ಟಿಕೆಟ್ ಎಲ್ಲಿ ಸಿಗುತ್ತದೆ, ಯಾವ ತಿಂಗಳು ಒಳ್ಳೆಯದು, ಇಂಬಳಕ್ಕೆ (ನೆಲದ ಜಿಗಣೆಗೆ) ಏನು ಮಾಡಬೇಕು, ಮೊದಲ ಸಲ ಬೆಟ್ಟ ಹತ್ತುವವರಿಗೆ ಸಾಧ್ಯವೇ ಎಂದು ಕೇಳುವವರಿಗೆಲ್ಲ ಬಿಡಿಬಿಡಿಯಾಗಿ ಉತ್ತರಿಸುವ ಬದಲು ಇಡೀ ಸಿದ್ಧತೆಯನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ಕಳಸದ ಕಡೆಯ ಮುಳ್ಳೋಡಿ ಎಂಬ ಊರಿನಿಂದ ಶಿಖರಕ್ಕೆ ಹೋಗುವ ಹಾದಿಯನ್ನು ಗಮನದಲ್ಲಿಟ್ಟುಕೊಂಡು ಬರೆದ ಲೇಖನವಿದು. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಕುರಿಂಜಾಲು, ಗಂಗಡಿಕಲ್ಲು, ನೇತ್ರಾವತಿ ಶಿಖರಗಳಿಗೆ ಹೋಗುವವರಿಗೂ ಇದರ ಹೆಚ್ಚಿನ ಭಾಗ ಅನ್ವಯಿಸುತ್ತದೆ.

ಕುದುರೆಮುಖದ ಎತ್ತರ 1,894 ಮೀಟರ್. ಉಸಿರಾಟಕ್ಕೆ ತೊಡಕಾಗುವ, ಹಿಮಾಲಯದ ಚಾರಣಿಗರು ಅಂಜುವ ಎತ್ತರದ ಕಾಯಿಲೆ ಸಾಮಾನ್ಯವಾಗಿ 2,500 ಮೀಟರಿನ ಮೇಲೆ ಕಾಣಿಸಿಕೊಳ್ಳುವಂಥದ್ದು, ಆದ್ದರಿಂದ ಆ ಚಿಂತೆ ಇಲ್ಲಿ ಬೇಡ. ಇಲ್ಲಿ ಜನ ತೊಂದರೆಗೆ ಸಿಲುಕುವುದು ಮಳೆ, ಮಂಜು ಮತ್ತು ತಡವಾದ ಹೊತ್ತು ಈ ಮೂರರಿಂದ. ಇಡೀ ಸಿದ್ಧತೆ ಈ ಮೂರನ್ನು ಎದುರಿಸುವುದಕ್ಕಾಗಿಯೇ ಎಂದು ತಿಳಿದುಕೊಂಡರೆ, ಚೀಲಕ್ಕೆ ಏನು ಹಾಕಬೇಕು, ಏನನ್ನು ಬಿಡಬೇಕು ಎಂಬುದು ತಾನಾಗಿಯೇ ಸ್ಪಷ್ಟವಾಗುತ್ತದೆ.

1. ಕಾಲವನ್ನು ಮೊದಲು ತೀರ್ಮಾನಿಸಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಸುರಿಯುವ ಮಳೆಯನ್ನು ಬಯಲುಸೀಮೆಯ ಮಳೆಗೆ ಹೋಲಿಸಲಾಗದು. ವರ್ಷಕ್ಕೆ 7,000 ಮಿಲಿಮೀಟರಿನ ಆಸುಪಾಸಿನಲ್ಲಿ ಬೀಳುವ ಮಳೆಯ ಬಹುಪಾಲು ಈ ನಾಲ್ಕು ತಿಂಗಳಲ್ಲೇ ಇಳಿಯುತ್ತದೆ. ಚಿತ್ರಗಳಲ್ಲಿ ಕಾಣುವ ಹಚ್ಚಹಸಿರು ಹುಲ್ಲಿನ ಗುಡ್ಡಗಳು ಈ ಕಾಲದವೇ ಎಂಬುದು ನಿಜ. ಆದರೆ ಆ ಚಿತ್ರ ತೆಗೆದವರಿಗೆ ಹತ್ತು ನಿಮಿಷ ಮಂಜು ಸರಿದಿರಬಹುದು, ನಿಮಗೆ ಇಡೀ ದಿನ ಸರಿಯದೆಯೂ ಇರಬಹುದು. ಭಾರೀ ಮಳೆಯ ಮುನ್ಸೂಚನೆ ಇರುವ ದಿನಗಳಲ್ಲಿ ಚಾರಣವನ್ನೇ ನಿಲ್ಲಿಸುವುದೂ ಉಂಟು.

ಅಕ್ಟೋಬರ್‌ನಿಂದ ಜನವರಿಯವರೆಗಿನ ಕಾಲ ಮೊದಲ ಸಲ ಹೋಗುವವರಿಗೆ ತಕ್ಕುದು ಎಂಬುದು ನನ್ನ ಅಭಿಪ್ರಾಯ. ಹುಲ್ಲು ಇನ್ನೂ ಹಸಿರಾಗಿರುತ್ತದೆ, ಹೊಳೆಗಳು ಇಳಿದಿರುತ್ತವೆ, ಆಕಾಶ ತಿಳಿಯಾಗಿದ್ದರೆ ಶಿಖರದಿಂದ ಪಶ್ಚಿಮಕ್ಕೆ ಕಡಲು ಕೂಡ ಕಾಣುತ್ತದೆ. ಅಕ್ಟೋಬರ್‌ನಲ್ಲಿ ಮಾತ್ರ ಮಧ್ಯಾಹ್ನದ ನಂತರ ಗುಡುಗು ಸಿಡಿಲಿನ ಮಳೆ ಸಾಮಾನ್ಯ. ಫೆಬ್ರವರಿಯಿಂದ ಮೇ ತಿಂಗಳವರೆಗೆ ಹುಲ್ಲು ಒಣಗಿ ಕಾಳ್ಗಿಚ್ಚಿನ ಭಯವಿರುವುದರಿಂದ ಅರಣ್ಯ ಇಲಾಖೆ ಹಾದಿಗಳನ್ನು ಮುಚ್ಚುವುದು ರೂಢಿ. ಬೇಸಿಗೆ ರಜೆಗೆಂದು ಮಕ್ಕಳನ್ನು ಕರೆದುಕೊಂಡು ಹೊರಡುವ ಯೋಜನೆ ಇದ್ದರೆ, ಹಾದಿ ತೆರೆದಿದೆಯೇ ಎಂದು ಖಚಿತಪಡಿಸಿಕೊಳ್ಳದೆ ಬಸ್ಸಿನ ಟಿಕೆಟ್ ಕಾದಿರಿಸಬೇಡಿ.

2. ಅನುಮತಿ ಪಡೆಯಿರಿ

ಕುದುರೆಮುಖವನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿದ್ದು 1987ರಲ್ಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಾಷ್ಟ್ರೀಯ ಉದ್ಯಾನದೊಳಗೆ ಅನುಮತಿಯಿಲ್ಲದ ಪ್ರವೇಶವೇ ಅಪರಾಧ. ಊರಿನ ಯಾರೋ ಪರಿಚಯವಿದ್ದಾರೆ, ಅವರು ಒಳದಾರಿಯಲ್ಲಿ ಕರೆದೊಯ್ಯುತ್ತಾರೆ ಎಂಬ ಮಾತಿಗೆ ಕಿವಿಗೊಡಬೇಡಿ. ಸಿಕ್ಕಿಬಿದ್ದರೆ ಮೊಕದ್ದಮೆ ನಿಮ್ಮ ಮೇಲೂ ಆಗುತ್ತದೆ, ಕರೆದೊಯ್ದವರ ಮೇಲೂ ಆಗುತ್ತದೆ.

2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರಪರ್ವತದಲ್ಲಿ ಜನಜಂಗುಳಿ ಸೇರಿದ ಮೇಲೆ ರಾಜ್ಯದ ಚಾರಣ ವ್ಯವಸ್ಥೆಯೇ ಬದಲಾಯಿತು. ಈಗ ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮುಂಗಡವಾಗಿ ಟಿಕೆಟ್ ಪಡೆಯಬೇಕು. ಒಂದು ಹಾದಿಗೆ ದಿನಕ್ಕೆ ಇಷ್ಟೇ ಮಂದಿ ಎಂಬ ಮಿತಿಯಿದ್ದು, ವ್ಯವಸ್ಥೆ ಜಾರಿಗೆ ಬಂದಾಗ ಅದನ್ನು 300 ಎಂದು ಪ್ರಕಟಿಸಲಾಗಿತ್ತು. ಶನಿವಾರ, ಭಾನುವಾರ ಮತ್ತು ಸಾಲು ರಜೆಗಳ ಟಿಕೆಟ್ ಬೇಗ ಮುಗಿಯುತ್ತದೆ. ಮಂಗಳವಾರವೋ ಬುಧವಾರವೋ ಹೋಗಲು ಸಾಧ್ಯವಿರುವವರು ಹಾಗೆಯೇ ಮಾಡಲಿ. ಟಿಕೆಟ್ ಸುಲಭವಾಗಿ ಸಿಗುತ್ತದೆ ಎಂಬುದಷ್ಟೇ ಅಲ್ಲ, ಕಡಿದಾದ ಏರಿನಲ್ಲಿ ಮುಂದಿನವರ ಹಿಮ್ಮಡಿ ನೋಡುತ್ತ ಸಾಲಿನಲ್ಲಿ ನಿಲ್ಲುವ ಪಾಡೂ ತಪ್ಪುತ್ತದೆ.

ಇಲ್ಲಿ ಬಹಳ ಮಂದಿ ಎಡವುವ ಕೆಲವು ಜಾಗಗಳಿವೆ. ಪ್ರವಾಸ ಏರ್ಪಡಿಸುವ ಖಾಸಗಿಯವರ ಮೂಲಕ ಹೋಗುವವರು ‘ಎಲ್ಲ ಸೇರಿ ಇಷ್ಟು’ ಎಂಬ ಮೊತ್ತವನ್ನು ಕಟ್ಟಿ ಸುಮ್ಮನಾಗುತ್ತಾರೆ. ನಿಮ್ಮ ಹೆಸರು ಮತ್ತು ಗುರುತಿನ ಚೀಟಿಯ ಸಂಖ್ಯೆ ಇರುವ ಟಿಕೆಟಿನ ಪ್ರತಿಯನ್ನು ಹೊರಡುವ ಮೊದಲೇ ಕೇಳಿ ಪಡೆದುಕೊಳ್ಳಿ. ಅದನ್ನು ಕೊಡಲು ಹಿಂಜರಿಯುವವರ ಜೊತೆ ಹೋಗದಿರುವುದು ಲೇಸು. ಟಿಕೆಟನ್ನು ಕಾಗದದಲ್ಲಿ ಮುದ್ರಿಸಿಕೊಳ್ಳಿ, ಏಕೆಂದರೆ ಅರಣ್ಯ ಇಲಾಖೆಯ ತಪಾಸಣಾ ಠಾಣೆಯ ಬಳಿ ಮೊಬೈಲ್ ಸಿಗ್ನಲ್ ನಂಬುವಂತಿಲ್ಲ. ಕಾದಿರಿಸುವಾಗ ಕೊಟ್ಟ ಗುರುತಿನ ಚೀಟಿಯನ್ನೇ ಒಯ್ಯಿರಿ. ಹಾದಿಯ ಹೆಸರನ್ನು ಎರಡು ಸಲ ಓದಿ ಆಯ್ಕೆ ಮಾಡಿ. ಕುದುರೆಮುಖ ಶಿಖರ, ಕುರಿಂಜಾಲು, ನೇತ್ರಾವತಿ ಇವು ಬೇರೆ ಬೇರೆ ಹಾದಿಗಳು, ಹೊರಡುವ ಊರುಗಳೂ ಬೇರೆ. ಒಂದರ ಟಿಕೆಟ್ ಇನ್ನೊಂದಕ್ಕೆ ನಡೆಯದು.

ಉದ್ಯಾನದೊಳಗೆ ರಾತ್ರಿ ಡೇರೆ ಹಾಕುವುದಕ್ಕೆ ಅವಕಾಶವಿಲ್ಲ. ಹಳೆಯ ಬರಹಗಳಲ್ಲಿ ಬೆಟ್ಟದ ಮೇಲೆ ತಂಗಿದ ವರ್ಣನೆ ಕಂಡರೆ ಅದು ಹಿಂದಿನ ಕಾಲದ್ದೆಂದು ತಿಳಿಯಿರಿ.

3. ದೇಹವನ್ನು ಒಂದು ತಿಂಗಳ ಮೊದಲೇ ಅಣಿಗೊಳಿಸಿ

ಮುಳ್ಳೋಡಿಯಿಂದ ಶಿಖರಕ್ಕೆ ಹೋಗಿ ಬರುವ ದೂರ ಸುಮಾರು 18ರಿಂದ 20 ಕಿಲೋಮೀಟರ್, ಏರಿಕೆ ಸುಮಾರು 900 ಮೀಟರ್. ದಿನವೂ ನಡೆಯುವ ಅಭ್ಯಾಸವಿರುವ ಯಾರಿಗಾದರೂ ಇದು ಸಾಧ್ಯ. ವಾರವಿಡೀ ಕುರ್ಚಿಯಲ್ಲಿ ಕುಳಿತು ಶನಿವಾರ ಬೆಳಿಗ್ಗೆ ಏಕಾಏಕಿ ಹೊರಡುವವರಿಗೆ ಕಷ್ಟವಾಗುವುದು ಏರುವಾಗ ಅಲ್ಲ, ಇಳಿಯುವಾಗ. ಇಳಿಜಾರಿನಲ್ಲಿ ಪ್ರತಿ ಹೆಜ್ಜೆಗೂ ತೊಡೆಯ ಮುಂಭಾಗದ ಸ್ನಾಯುಗಳು ದೇಹದ ಭಾರವನ್ನು ತಡೆದು ಹಿಡಿಯಬೇಕಾಗುತ್ತದೆ. ಅವು ದಣಿದ ಮೇಲೆ ಆ ಭಾರ ಮಂಡಿಗೆ ಬೀಳುತ್ತದೆ. ಆದ್ದರಿಂದ ಮನೆಯ ಅಥವಾ ಕಚೇರಿಯ ಮೆಟ್ಟಿಲುಗಳನ್ನು ಹತ್ತುವುದಷ್ಟೇ ಅಲ್ಲದೆ ನಿಧಾನವಾಗಿ ಇಳಿಯುವುದನ್ನೂ ಅಭ್ಯಾಸ ಮಾಡಿ. ಕೊನೆಯ ಎರಡು ವಾರ ಬೆನ್ನಿಗೆ ನಾಲ್ಕೈದು ಕಿಲೋ ಚೀಲ ಹೊತ್ತು ನಡೆಯಿರಿ. ಬೆಂಗಳೂರಿನವರಿಗೆ ಸ್ಕಂದಗಿರಿ, ಮೈಸೂರಿನವರಿಗೆ ಚಾಮುಂಡಿಬೆಟ್ಟದ ಮೆಟ್ಟಿಲು ಸಾಕಷ್ಟು ಒಳ್ಳೆಯ ಪರೀಕ್ಷೆ.

ಹೊಸ ಶೂ ಧರಿಸಿ ಮೊದಲ ಸಲ ಬೆಟ್ಟ ಹತ್ತಬೇಡಿ. ಕನಿಷ್ಠ ಎರಡು ವಾರ ಹಾಕಿ ಪಳಗಿಸಿ. ಅಡಿಭಾಗದಲ್ಲಿ ಆಳವಾದ ಹಲ್ಲುಗಳಿರುವ ಶೂ ಬೇಕು, ಜಿಮ್‌ಗೆ ಹೋಗುವ ನಯವಾದ ತಳದ ಶೂ ಒದ್ದೆ ಬಂಡೆಯ ಮೇಲೆ ಜಾರುತ್ತದೆ. ಹೊರಡುವ ಹಿಂದಿನ ದಿನ ಕಾಲಿನ ಉಗುರು ಕತ್ತರಿಸಿಕೊಳ್ಳಿ, ಇಲ್ಲದಿದ್ದರೆ ಇಳಿಯುವಾಗ ಹೆಬ್ಬೆರಳು ಶೂವಿನ ತುದಿಗೆ ಒತ್ತಿ ಉಗುರು ಕಪ್ಪುಗಟ್ಟುತ್ತದೆ. ಉಬ್ಬಸ, ರಕ್ತದೊತ್ತಡ, ಮಧುಮೇಹ ಇರುವವರು ವೈದ್ಯರನ್ನು ಕೇಳಿಯೇ ಹೊರಡಬೇಕು, ದಿನದ ಔಷಧಿಯನ್ನು ಚೀಲದಲ್ಲೇ ಇಟ್ಟುಕೊಳ್ಳಬೇಕು.

4. ತಲುಪುವುದು ಹೇಗೆ

ಬೆಂಗಳೂರಿನಿಂದ ಕಳಸಕ್ಕೆ ರಾತ್ರಿ ಹೊರಡುವ ಬಸ್ಸುಗಳಿವೆ. ಹೊರನಾಡಿಗೆ ಹೋಗುವ ಬಸ್ಸುಗಳೂ ಕಳಸದ ಮೂಲಕವೇ ಹೋಗುತ್ತವೆ. ಕಳಸದಿಂದ ಕುದುರೆಮುಖದ ಕಡೆಗೆ ಹೋಗುವ ರಸ್ತೆಯಲ್ಲಿ ಸಂಸೆ, ಬಾಳೆಗಲ್ಲು ಎಂಬ ಊರುಗಳು ಸಿಗುತ್ತವೆ. ಬಾಳೆಗಲ್ಲಿನಿಂದ ಮುಳ್ಳೋಡಿಗೆ ಹೋಗುವ ಕಚ್ಚಾ ರಸ್ತೆಯಲ್ಲಿ ಊರಿನ ಜೀಪುಗಳೇ ಗತಿ. ಸ್ವಂತ ಕಾರನ್ನು ಆ ರಸ್ತೆಗೆ ಇಳಿಸಬೇಡಿ. ಮಳೆಗಾಲದಲ್ಲಂತೂ ನಾಲ್ಕೂ ಚಕ್ರಕ್ಕೆ ಎಳೆತವಿರುವ ಜೀಪುಗಳೇ ಅಲ್ಲಿ ಮಗ್ಗುಲಾಗಿ ಜಾರುತ್ತವೆ.

ಒಂದು ಗೊಂದಲವನ್ನು ಇಲ್ಲಿಯೇ ಬಿಡಿಸಿಬಿಡುತ್ತೇನೆ. ‘ಕುದುರೆಮುಖ’ ಎಂದು ನಕ್ಷೆಯಲ್ಲಿ ಹುಡುಕಿದರೆ ಕಬ್ಬಿಣದ ಅದಿರಿನ ಕಂಪನಿ ಕಟ್ಟಿದ ಪಟ್ಟಣ ತೋರಿಸುವುದುಂಟು. ಸುಪ್ರೀಂ ಕೋರ್ಟಿನ ಆದೇಶದಂತೆ ಅಲ್ಲಿನ ಗಣಿಗಾರಿಕೆ 2005ರ ಕೊನೆಗೆ ನಿಂತಿತು. ಪಟ್ಟಣ ಈಗಲೂ ಇದೆ, ಆದರೆ ಶಿಖರಕ್ಕೆ ಹೋಗುವ ಹಾದಿ ಅಲ್ಲಿಂದ ಶುರುವಾಗುವುದಿಲ್ಲ. ಕಳಸದ ಕಡೆಯಿಂದ ಬರುವವರು ಆ ಪಟ್ಟಣಕ್ಕೆ ಮೊದಲೇ ಇಳಿಯಬೇಕು. ಮಂಗಳೂರು, ಕಾರ್ಕಳದ ಕಡೆಯಿಂದ ಘಟ್ಟ ಹತ್ತಿ ಬರುವವರು ಅದನ್ನು ದಾಟಿ ಮುಂದೆ ಬರಬೇಕು. ಕಾರ್ಕಳದ ರಸ್ತೆ ಉದ್ಯಾನದ ಒಳಗೇ ಹಾಯುವುದರಿಂದ ದಾರಿಯಲ್ಲಿ ವಾಹನ ನಿಲ್ಲಿಸಿ ತೊರೆಗಿಳಿಯುವುದು, ಅಡುಗೆ ಹೂಡುವುದು ಯಾವುದಕ್ಕೂ ಅವಕಾಶವಿಲ್ಲ.

ಚಾರಣದ ಹಿಂದಿನ ರಾತ್ರಿ ಕಳಸ, ಸಂಸೆ ಅಥವಾ ಮುಳ್ಳೋಡಿಯ ಹೋಮ್‌ಸ್ಟೇಯಲ್ಲಿ ಮಲಗುವುದು ಉತ್ತಮ. ರಾತ್ರಿಯಿಡೀ ಬಸ್ಸಿನಲ್ಲಿ ತೂಕಡಿಸಿ ಬೆಳಿಗ್ಗೆ ಇಳಿದವರೇ ಬೆಟ್ಟ ಏರುವುದು ಈಗ ರೂಢಿಯಾಗಿಬಿಟ್ಟಿದೆ. ನಿದ್ದೆಗೆಟ್ಟ ಕಾಲು ಮಧ್ಯಾಹ್ನದ ಇಳಿಜಾರಿನಲ್ಲಿ ತಪ್ಪು ಹೆಜ್ಜೆ ಇಡುತ್ತದೆ. ಜೀಪು, ಗೈಡ್, ಊಟ ಎಲ್ಲವನ್ನೂ ಮೊದಲೇ ಮಾತಾಡಿಕೊಳ್ಳಿ, ನಗದು ಹಣ ಇಟ್ಟುಕೊಳ್ಳಿ. ಎಟಿಎಂಗಾಗಿ ಕಳಸದಲ್ಲೇ ಇಳಿದುಕೊಳ್ಳಿ.

5. ಚೀಲ ತುಂಬುವ ಬಗೆ

ಚೀಲದ ಒಳಗೆ ದಪ್ಪ ಪ್ಲಾಸ್ಟಿಕ್ಕಿನ ಒಂದು ದೊಡ್ಡ ಕೈಚೀಲವನ್ನು ಒಳಪದರವಾಗಿ ಹಾಕಿ, ಅದರೊಳಗೆ ಉಳಿದ ವಸ್ತುಗಳನ್ನು ಇಡಿ. ಹೊರಗೆ ಹೊದಿಸುವ ಕವರು ಗಾಳಿಗೆ ಹಾರಿದರೂ ಒಳಗಿನದು ಒದ್ದೆಯಾಗದು. ಮಳೆಗೆ ಕೊಡೆ ಪ್ರಯೋಜನವಿಲ್ಲ, ಬೋಳುಗುಡ್ಡದ ಗಾಳಿ ಅದನ್ನು ಮಗುಚಿಹಾಕುತ್ತದೆ. ಮೇಲಂಗಿ ಮತ್ತು ಪ್ಯಾಂಟು ಎರಡೂ ಇರುವ ರೈನ್‌ಕೋಟ್ ಬೇಕು.

ಬಟ್ಟೆಯ ವಿಷಯದಲ್ಲಿ ಒಂದೇ ನಿಯಮ: ಹತ್ತಿ ಬೇಡ, ಜೀನ್ಸ್ ಅಂತೂ ಬೇಡವೇ ಬೇಡ. ಒದ್ದೆಯಾದ ಹತ್ತಿಬಟ್ಟೆ ಬೇಗ ಆರದೆ ಮೈಗೆ ಅಂಟಿಕೊಂಡು ಶಾಖವನ್ನು ಹೀರುತ್ತದೆ. ಶಿಖರದ ಗಾಳಿಯಲ್ಲಿ ಹಾಗೆ ಅರ್ಧ ಗಂಟೆ ನಿಂತರೆ ಮೈ ನಡುಗತೊಡಗುತ್ತದೆ, ಬೆರಳು ಮರಗಟ್ಟುತ್ತದೆ, ಮಾತು ತೊದಲುತ್ತದೆ. ದೇಹದ ಉಷ್ಣತೆ ಅಪಾಯದ ಮಟ್ಟಕ್ಕೆ ಇಳಿಯುವ ಈ ಸ್ಥಿತಿಗೆ ವೈದ್ಯರು ಹೈಪೋಥರ್ಮಿಯಾ ಎನ್ನುತ್ತಾರೆ. ಅದಕ್ಕೆ ಹಿಮವೇ ಬೀಳಬೇಕೆಂದಿಲ್ಲ, ಮಳೆ ಮತ್ತು ಗಾಳಿ ಸೇರಿದರೆ ಸಾಕು. ಬೇಗ ಆರುವ ಪಾಲಿಯೆಸ್ಟರ್ ಬಟ್ಟೆ ತೊಟ್ಟು, ಒಣಗಿದ ಒಂದು ಜೊತೆ ಬಟ್ಟೆಯನ್ನೂ ಉಣ್ಣೆಯ ಒಂದು ಸ್ವೆಟರನ್ನೂ ಒಳಚೀಲದಲ್ಲಿ ಬಿಗಿಯಾಗಿ ಕಟ್ಟಿಡಿ.

ನೀರು ತಲೆಗೆ ಎರಡೂವರೆ ಲೀಟರ್ ಇರಲಿ. ಗಟ್ಟಿ ಬಾಟಲಿಯಲ್ಲೇ ಒಯ್ಯಿರಿ, ಏಕೆಂದರೆ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕನ್ನು ಠಾಣೆಯಲ್ಲೇ ತಡೆಯುತ್ತಾರೆ. ಹಾದಿಯಲ್ಲಿ ತೊರೆಗಳಿವೆ, ಅವುಗಳ ನೀರು ಎಷ್ಟೇ ತಿಳಿಯಾಗಿ ಕಂಡರೂ ಶುದ್ಧೀಕರಿಸುವ ಕ್ಲೋರಿನ್ ಗುಳಿಗೆ ಹಾಕಿಯೇ ಕುಡಿಯಿರಿ. ತಿನ್ನಲು ಚಪಾತಿ ಪಲ್ಯ, ಚಿತ್ರಾನ್ನ, ಹುರಿದ ಅವಲಕ್ಕಿ, ಕಡಲೆಕಾಯಿ ಚಿಕ್ಕಿ, ಬಾಳೆಹಣ್ಣು ಇಷ್ಟು ಸಾಕು. ಎರಡು ಪೊಟ್ಟಣ ಓಆರ್‌ಎಸ್ ಇಟ್ಟುಕೊಳ್ಳಿ. ಬೆವರಿನಲ್ಲಿ ಹೋದ ಉಪ್ಪನ್ನು ಮರಳಿ ತುಂಬುವ ಪುಡಿ ಅದು, ಒಂದು ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ನೀರಿನಲ್ಲಿ ಕಲಸಬೇಕು. ಗಟ್ಟಿಯಾಗಲಿ ಎಂದು ನೀರು ಕಡಿಮೆ ಮಾಡಿದರೆ ಹೊಟ್ಟೆ ಕೆಡುತ್ತದೆ.

ಹಣೆಗೆ ಕಟ್ಟುವ ಟಾರ್ಚ್, ಸೀಟಿ, ಬ್ಯಾಂಡೇಜು, ಹತ್ತಿ, ನಂಜುನಾಶಕ, ಕ್ರೇಪ್ ಬ್ಯಾಂಡೇಜು, ನಿಮ್ಮ ಕಸವನ್ನು ಮರಳಿ ತರಲು ಒಂದು ಚೀಲ ಇವು ಕಡ್ಡಾಯ. ಹಗಲಿನಲ್ಲೇ ಮರಳುತ್ತೇವಲ್ಲ, ಟಾರ್ಚ್ ಏಕೆ ಎನ್ನಬೇಡಿ. ಜೊತೆಯವರೊಬ್ಬರ ಕಾಲು ಉಳುಕಿದರೆ ಹಗಲಿನ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಮದ್ಯ, ಸಿಗರೇಟು, ಧ್ವನಿವರ್ಧಕ, ಡ್ರೋನ್ ಮನೆಯಲ್ಲೇ ಇರಲಿ.

6. ಇಂಬಳ ಮತ್ತು ಉಣುಗು

ಇಂಬಳವೆಂದರೆ ಮಲೆನಾಡಿನ ನೆಲದ ಜಿಗಣೆ. ಮಳೆಗಾಲದಲ್ಲಿ ಅದು ಕಚ್ಚದೆ ಬಿಡುವುದಿಲ್ಲ, ಆದರೆ ಅದರಿಂದ ದೊಡ್ಡ ಅಪಾಯವೇನೂ ಇಲ್ಲ. ಅದರ ಎಂಜಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶವಿರುವುದರಿಂದ, ಕಚ್ಚಿ ಬಿಟ್ಟ ಮೇಲೂ ರಕ್ತ ಬಹಳ ಹೊತ್ತು ಜಿನುಗುತ್ತದೆ. ಹೊಸಬರು ಹೆದರುವುದು ಇದನ್ನು ಕಂಡೇ. ಪ್ಯಾಂಟಿನ ಅಂಚನ್ನು ಕಾಲುಚೀಲದೊಳಗೆ ಸೇರಿಸಿ, ಮಂಡಿಯವರೆಗೆ ಬರುವ ಒತ್ತಾದ ನೇಯ್ಗೆಯ ಇಂಬಳದ ಕಾಲುಚೀಲವನ್ನು ಮೇಲೆ ತೊಟ್ಟು, ಶೂವಿಗೆ ಉಪ್ಪು ಬೆರೆಸಿದ ಕೊಬ್ಬರಿ ಎಣ್ಣೆಯನ್ನೋ ಹೊಗೆಸೊಪ್ಪಿನ ನೀರನ್ನೋ ಹಚ್ಚಿ. ಕಚ್ಚಿದ್ದನ್ನು ಕಿತ್ತೆಳೆಯಬೇಡಿ, ಬೆಂಕಿ ತಾಗಿಸಬೇಡಿ. ಉಗುರಿನ ಅಂಚನ್ನು ಅದರ ಬಾಯಿಯ ಬಳಿ ಚರ್ಮಕ್ಕೆ ಒತ್ತಿ ಪಕ್ಕಕ್ಕೆ ಸರಿಸಿದರೆ ಬಿಡುತ್ತದೆ. ಗಾಯವನ್ನು ತೊಳೆದು, ಹತ್ತಿಯಿಟ್ಟು ಒತ್ತಿ ಕಟ್ಟಿ. ಹತ್ತು ಮಂದಿ ಇಂಬಳ ಹುಡುಕುತ್ತ ಹುಲ್ಲಿನಲ್ಲಿ ನಿಂತರೆ ಇನ್ನಷ್ಟು ಹತ್ತುತ್ತವೆ, ಆದ್ದರಿಂದ ಬಂಡೆಯ ಮೇಲೆ ನಿಂತು ನೋಡಿಕೊಳ್ಳಿ.

ನಿಜವಾಗಿ ಎಚ್ಚರ ಬೇಕಾದದ್ದು ಉಣುಗಿನ ಬಗ್ಗೆ, ಆದರೆ ಅದರ ಬಗ್ಗೆ ಕೇಳುವವರು ಕಡಿಮೆ. ಒಣ ತಿಂಗಳುಗಳಲ್ಲಿ ಹುಲ್ಲು, ಒಣಗಿದೆಲೆಗಳ ನಡುವೆ ಇರುವ ಈ ಸಣ್ಣ ಜೀವಿ ಮಂಗನ ಕಾಯಿಲೆಯನ್ನು ಹರಡುತ್ತದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ಜ್ವರ ಚಿಕ್ಕಮಗಳೂರು ಜಿಲ್ಲೆಯಲ್ಲೂ ಕಾಣಿಸಿಕೊಂಡಿದೆ. ಡಿಸೆಂಬರ್‌ನಿಂದ ಮೇವರೆಗೆ ಅದರ ಕಾಲ. ಆ ತಿಂಗಳುಗಳಲ್ಲಿ ಹೋಗುವವರು ತುಂಬುತೋಳಿನ, ತಿಳಿಬಣ್ಣದ ಬಟ್ಟೆ ತೊಡಬೇಕು. ಆರೋಗ್ಯ ಇಲಾಖೆ ಮಲೆನಾಡಿನ ಹಳ್ಳಿಗಳಲ್ಲಿ ಹಂಚುವ ಡೆಪಾ ಎಣ್ಣೆ ಅಥವಾ ಔಷಧಿ ಅಂಗಡಿಯ ಕೀಟ ನಿವಾರಕವನ್ನು ಹಚ್ಚಿಕೊಳ್ಳಬೇಕು. ಕೋತಿ ಸತ್ತು ಬಿದ್ದದ್ದು ಕಂಡರೆ ಹತ್ತಿರ ಹೋಗದೆ ಅರಣ್ಯ ಸಿಬ್ಬಂದಿಗೆ ತಿಳಿಸಬೇಕು. ಹಿಂತಿರುಗಿದ ಕೂಡಲೇ ಬಟ್ಟೆಯನ್ನು ಬಿಸಿನೀರಿನಲ್ಲಿ ಹಾಕಿ, ಮೈಯನ್ನು ಸೋಪಿನಿಂದ ತಿಕ್ಕಿ ಸ್ನಾನ ಮಾಡಿ, ಕಂಕುಳು, ತೊಡೆಸಂದು, ಮಂಡಿಯ ಹಿಂಭಾಗ, ಕಿವಿಯ ಹಿಂದೆ ಉಣುಗು ಕಚ್ಚಿದೆಯೇ ಎಂದು ನೋಡಿಕೊಳ್ಳಿ.

7. ಹಾದಿಯಲ್ಲಿ

ಬೆಳಿಗ್ಗೆ ಠಾಣೆ ತೆರೆಯುವ ಹೊತ್ತಿಗೇ ಅಲ್ಲಿರಿ. ಏರಲು ನಾಲ್ಕರಿಂದ ಐದು ಗಂಟೆ, ಇಳಿಯಲು ಮೂರರಿಂದ ನಾಲ್ಕು ಗಂಟೆ ಎಂದು ಲೆಕ್ಕವಿಟ್ಟುಕೊಂಡು, ಹೊರಡುವ ಮೊದಲೇ ಗುಂಪಿನವರೆಲ್ಲ ಸೇರಿ ಮರಳುವ ಹೊತ್ತನ್ನು ಗೊತ್ತುಮಾಡಿ. ಏಳಕ್ಕೆ ಹೊರಟವರಿಗೆ ಅದು ಹನ್ನೆರಡೂವರೆ. ಶಿಖರ ಇನ್ನು ಹದಿನೈದು ನಿಮಿಷದ ದೂರದಲ್ಲಿದ್ದರೂ ಆ ಹೊತ್ತಿಗೆ ಹಿಂದಿರುಗಬೇಕು. ಈ ಒಂದು ಒಪ್ಪಂದವನ್ನು ಬೆಳಿಗ್ಗೆಯೇ ಮಾಡಿಕೊಳ್ಳಬೇಕು ಎನ್ನುವುದಕ್ಕೆ ಕಾರಣವಿದೆ. ಮೇಲೆ ಹೋದ ಮೇಲೆ ‘ಇಷ್ಟು ದೂರ ಬಂದು’ ಎಂಬ ಮಾತು ಗುಂಪಿನ ವಿವೇಕವನ್ನು ನುಂಗಿಬಿಡುತ್ತದೆ.

ಮೊದಲ ಭಾಗದಲ್ಲಿ ಹಾದಿ ತೊರೆಗಳನ್ನು ದಾಟಿ ಸಾಗುತ್ತದೆ. ನೀರು ಮಂಡಿಗಿಂತ ಮೇಲಿದ್ದರೆ, ಕೆಂಪಗಾಗಿ ಏರುತ್ತಿದ್ದರೆ ದಾಟಬೇಡಿ. ಮಳೆ ನಿಂತು ಒಂದೆರಡು ಗಂಟೆಯಲ್ಲಿ ಬೆಟ್ಟದ ತೊರೆ ಇಳಿಯುತ್ತದೆ, ಕಾಯಿರಿ. ದಾಟುವಾಗ ಚೀಲದ ಸೊಂಟಪಟ್ಟಿಯನ್ನು ಬಿಚ್ಚಿಕೊಂಡಿರಿ, ಬಿದ್ದರೆ ಚೀಲವನ್ನು ಕಳಚಲು ಅದು ನೆರವಾಗುತ್ತದೆ.

ಆಮೇಲೆ ಹುಲ್ಲುಗಾವಲು, ಅದರ ಮಡಿಲುಗಳಲ್ಲಿ ಶೋಲಾ ಕಾಡು. ಕಣಿವೆಯ ತಂಪಿನಲ್ಲಿ ಕುಳ್ಳಗೆ ಒತ್ತೊತ್ತಾಗಿ ಬೆಳೆಯುವ ನಿತ್ಯಹರಿದ್ವರ್ಣದ ಕಾಡಿಗೆ ಶೋಲಾ ಎಂದು ಹೆಸರು. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವ ಗಂಗಾಮೂಲ ಈ ಉದ್ಯಾನದಲ್ಲೇ ಇದೆ. ಮಳೆಯ ನೀರನ್ನು ಹಿಡಿದಿಟ್ಟು ಬೇಸಿಗೆಯವರೆಗೆ ಬಿಟ್ಟುಕೊಡುವುದು ಈ ಹುಲ್ಲು ಮತ್ತು ಶೋಲಾ. ಕೆಸರು ತಪ್ಪಿಸಲೆಂದು ಹಾದಿಯ ಪಕ್ಕದ ಹುಲ್ಲಿನ ಮೇಲೆ ನಡೆದರೆ ಹುಲ್ಲು ಸತ್ತು, ಮುಂದಿನ ಮಳೆಗೆ ಅದೇ ಕೊರಕಲಾಗುತ್ತದೆ. ಶೂ ಕೆಸರಾಗಲಿ, ಹಾದಿಯ ನಡುವೆಯೇ ನಡೆಯಿರಿ.

ಸಿಡಿಲಿನ ಮಾತು. ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು ನಿಮ್ಮಿಂದ 10 ಕಿಲೋಮೀಟರಿನ ಒಳಗಿದೆ ಎಂದರ್ಥ. ಬೆಟ್ಟದ ಏಣಿನಿಂದ, ಅಂದರೆ ಅದರ ಎತ್ತರದ ಅಂಚಿನಿಂದ ಕೆಳಗಿಳಿಯಿರಿ. ಹಾದಿಯಲ್ಲಿ ‘ಒಂಟಿಮರ’ ಎಂದೇ ಗುರುತಾದ ಜಾಗವಿದೆ, ಎಲ್ಲರೂ ದಣಿವಾರಿಸಿಕೊಳ್ಳುವುದು ಅಲ್ಲೇ. ಸಿಡಿಲು ಬಡಿಯುವ ಹೊತ್ತಿನಲ್ಲಿ ಮಾತ್ರ ಬಯಲಿನ ಒಂಟಿಮರದಷ್ಟು ಕೆಟ್ಟ ಆಸರೆ ಇನ್ನೊಂದಿಲ್ಲ.

ಮಂಜು ಕವಿದರೆ ಗುಂಪು ಚದುರದಿರಲಿ, ಗೈಡ್ ಮುಂದಿರಲಿ, ನಡಿಗೆಯಲ್ಲಿ ಗಟ್ಟಿಯಾದವರೊಬ್ಬರು ಕೊನೆಯಲ್ಲಿರಲಿ. ಶಿಖರದ ಪಶ್ಚಿಮಕ್ಕೆ ಬೆಟ್ಟ ಕಡಿದಾಗಿ ಬೆಳ್ತಂಗಡಿಯ ಕಡೆಗೆ ಬೀಳುತ್ತದೆ. ಮಂಜಿನಲ್ಲಿ ಆ ಅಂಚು ಎಲ್ಲಿ ಮುಗಿಯುತ್ತದೆಂದು ಕಾಣುವುದಿಲ್ಲ, ಚಿತ್ರಕ್ಕಾಗಿ ಹಿಂದೆ ಹಿಂದೆ ಸರಿಯಬೇಡಿ. ಕಾಟಿಗಳ (ಕಾಡುಕೋಣಗಳ) ಹಿಂಡು ಎದುರಾದರೆ ನಿಂತು, ಸದ್ದಿಲ್ಲದೆ ಅವಕ್ಕೆ ದಾರಿ ಬಿಡಿ.

8. ತೊಂದರೆಯಾದರೆ, ಮತ್ತು ಮರಳಿದ ಮೇಲೆ

ಬೆಟ್ಟದ ಮೇಲೆ ಫೋನ್ ಎಲ್ಲ ಕಡೆ ಸಿಗುವುದಿಲ್ಲ. ಹೊರಡುವ ಮೊದಲು ಮನೆಯವರಿಗೂ ಹೋಮ್‌ಸ್ಟೇಯವರಿಗೂ ಮರಳುವ ಹೊತ್ತನ್ನು ಹೇಳಿರಿ. ಸಿಗ್ನಲ್ ಇದ್ದರೆ ತುರ್ತಿಗೆ 112, ಆಂಬುಲೆನ್ಸ್‌ಗೆ 108. ಒಬ್ಬರು ಗಾಯಗೊಂಡರೆ ಒಬ್ಬರು ಜೊತೆಗಿದ್ದು ಬೆಚ್ಚಗೆ ಹೊದಿಸಬೇಕು, ಇಬ್ಬರು ಕೆಳಗಿಳಿದು ಸುದ್ದಿ ಮುಟ್ಟಿಸಬೇಕು. ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಹಗ್ಗದಿಂದ ಬಿಗಿಯುವುದು ಯಾವುದೂ ಬೇಡ. ಕಚ್ಚಿದ ಅಂಗವನ್ನು ಕೋಲಿಗೆ ಆನಿಸಿ ಅಲುಗಾಡದಂತೆ ಕಟ್ಟಿ, ಉಂಗುರ, ಬಳೆ, ಶೂ ತೆಗೆದು, ಅವರನ್ನು ನಡೆಸದೆ ಹೊತ್ತು ತನ್ನಿ. ಹಾವನ್ನು ಹಿಡಿಯಲು ಹೋಗಿ ಇನ್ನೊಬ್ಬರು ಕಚ್ಚಿಸಿಕೊಳ್ಳಬೇಡಿ.

ಮುಳ್ಳೋಡಿಗೆ ಇಳಿದ ಮೇಲೆ ಠಾಣೆಯಲ್ಲಿ ಮರಳಿದ್ದನ್ನು ತಿಳಿಸಿಯೇ ಜೀಪು ಹತ್ತಿ, ಇಲ್ಲದಿದ್ದರೆ ಸಿಬ್ಬಂದಿ ನಿಮ್ಮನ್ನು ಹುಡುಕಲು ಹೊರಡಬೇಕಾಗುತ್ತದೆ. ಊರಿಗೆ ಬಂದ ಎರಡು ವಾರದೊಳಗೆ ಇದ್ದಕ್ಕಿದ್ದಂತೆ ತೀವ್ರ ಜ್ವರ, ತಲೆನೋವು, ಮೈಕೈ ನೋವು ಬಂದರೆ ಗುಳಿಗೆ ನುಂಗಿ ಕೂರಬೇಡಿ. ವೈದ್ಯರ ಬಳಿ ಹೋಗಿ, ಮಲೆನಾಡಿನ ಕಾಡಿನಲ್ಲಿ ಯಾವ ದಿನ ಓಡಾಡಿದ್ದಿರಿ, ಉಣುಗು ಕಚ್ಚಿತ್ತೇ, ಗಾಯದ ಕಾಲಿನಲ್ಲಿ ತೊರೆಗೆ ಇಳಿದಿದ್ದಿರೇ ಎಂಬುದನ್ನು ನೀವಾಗಿಯೇ ಹೇಳಿ. ನಗರದ ವೈದ್ಯರಿಗೆ ಮಂಗನ ಕಾಯಿಲೆಯೋ ಗಾಯದ ಮೂಲಕ ನೀರಿನಿಂದ ತಗಲುವ ಇಲಿ ಜ್ವರವೋ ಎಂಬ ಅನುಮಾನ ಬರುವುದು ನಿಮ್ಮಿಂದ ಆ ಮಾಹಿತಿ ಸಿಕ್ಕಾಗ ಮಾತ್ರ.